ಕಡಲ ದಂಡೆಯಲ್ಲಿ ಕೊಡೆ ಹಿಡಿದವರು

ಚಳ್ಳಕೆರೆ ಸೀಮೆಯ ಮಕ್ಕಳಿಗೆ ಸಮುದ್ರವೆಂದರೆ ಸಿನಿಮಾದಲ್ಲಿ ನಾಯಕ ನಾಯಕಿಯರು ಓಡುವ ಜಾಗ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪಟ್ಟಿ ಮಾಡಿದರೆ ಚಳ್ಳಕೆರೆಯ ಹೆಸರು ಅದರಲ್ಲಿ ತಪ್ಪುವುದಿಲ್ಲ. ಯಾವುದೋ ವರ್ಷ ಊರ ಕೆರೆ ಕೋಡಿ ಬಿದ್ದರೆ ಅದನ್ನು ನೋಡಲು ಜಾತ್ರೆಗೆ ಬಂದಂತೆ ಜನ ಸೇರುವ ನೆಲ ಅದು. ಅಂಥ ಕಡೆಯ ಪ್ರೌಢಶಾಲೆಯೊಂದರಲ್ಲಿ, ಈ ಬಾರಿಯ ಪ್ರವಾಸ ಬೇಲೂರು ಹಳೇಬೀಡಿಗಲ್ಲ, ಜೋಗ ನೋಡಿಕೊಂಡು ಮುರುಡೇಶ್ವರ, ಗೋಕರ್ಣ, ಕಾರವಾರಕ್ಕೆ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಪ್ರಕಟವಾದಾಗ ಮಕ್ಕಳು ಎಬ್ಬಿಸಿದ ಗದ್ದಲಕ್ಕೆ ಪಕ್ಕದ ಬೇವಿನ ಮರದ ಕಾಗೆಗಳೆಲ್ಲ ಹಾರಿಹೋದವು.

ಪಾಲಕರ ಸಭೆ ಕರೆದದ್ದು ಅನುಮತಿ ಪತ್ರಕ್ಕೆ ಸಹಿ ಮಾಡಿಸಿಕೊಳ್ಳಲು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ, ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ಸುದ್ದಿಯನ್ನು ಯಾರೂ ಮರೆತಿರಲಿಲ್ಲ. ಮುಖ್ಯೋಪಾಧ್ಯಾಯರು ಅದಕ್ಕೇ ತಯಾರಾಗಿ ಬಂದಿದ್ದರು. ಜೀವರಕ್ಷಕರು ಇರುವ ಕಡೆಯಲ್ಲದೆ ನೀರಿಗೆ ಬಿಡುವುದಿಲ್ಲ, ಮೊಣಕಾಲಿನ ಮೇಲೆ ನೀರು ಬರುವಂತಿಲ್ಲ, ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದು ಮೂರು ಸಲ ಹೇಳಿದರು. ಇಬ್ಬರು ತಂದೆಯರು ಎದ್ದು ನಿಂತು, ಅಲೆ ಎಷ್ಟು ದೊಡ್ಡದಿರುತ್ತದೆ, ಹಗ್ಗ ಒಯ್ಯುತ್ತೀರಾ ಎಂದು ಕೇಳಿದರು. ಒಳ್ಳೆಯ ಪ್ರಶ್ನೆಗಳೇ.

ಸಭೆ ಮುಗಿದ ಮೇಲೆ ತಾಯಂದಿರು ವಿಜ್ಞಾನದ ಮೇಡಂ ಅವರನ್ನು ಪಕ್ಕಕ್ಕೆ ಕರೆದರು. ಅವರ ಪ್ರಶ್ನೆ ಬೇರೆಯದೇ ಆಗಿತ್ತು.

"ಉಪ್ಪುಗಾಳಿಗೆ ಹುಡ್ಗೀರು ಕಪ್ಪಗಾಗಿಬಿಡ್ತಾರಂತೆ, ಹೌದಾ ಮೇಡಂ?"

"ನಮ್ಮ ಹುಡುಗೀನ ಬಸ್ನಾಗೇ ಕುಂದ್ರಿಸ್ಕಳ್ರಿ. ದುಡ್ಡು ಕಟ್ಟೀವಿ, ಬರ್ಲಿ. ಬಿಸ್ಲಿಗೆ ಮಾತ್ರ ಬ್ಯಾಡ."

ಒಬ್ಬರಲ್ಲ, ಏಳೆಂಟು ಮಂದಿ. ಅಲೆಯ ಬಗ್ಗೆ ಕೇಳಿದವರು ಇಬ್ಬರು, ಬಣ್ಣದ ಬಗ್ಗೆ ಕೇಳಿದವರು ಎಂಟು. ಮೇಡಂ ಇದನ್ನು ಶಿಕ್ಷಕರ ಕೊಠಡಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರಂತೆ. ನಗುವ ವಿಷಯವೇ? ವರ್ಷದಲ್ಲಿ ಎಂಟು ತಿಂಗಳು ಬಿಸಿಲು ಸುಡುವ ಊರು. ಕಡಲೆಕಾಯಿ ಕೀಳುವ ಕಾಲಕ್ಕೆ ಈ ಹುಡುಗಿಯರೆಲ್ಲ ಭಾನುವಾರ ಹೊಲದಲ್ಲೇ ಇರುತ್ತಾರೆ. ಆ ಬಿಸಿಲು ಲೆಕ್ಕಕ್ಕಿಲ್ಲ. ಅದು ಕೆಲಸದ ಬಿಸಿಲು, ತಪ್ಪಿಸಿಕೊಳ್ಳುವಂತಿಲ್ಲ. ಆಟದ ಬಿಸಿಲಿಗೆ ಮಾತ್ರ ಹುಡುಗಿಯ ಬಣ್ಣ ಕೆಡುತ್ತದೆ!

ಹೊರಡುವ ದಿನ ಬೆಳಗಿನ ಜಾವ ನಾಲ್ಕಕ್ಕೆ ಸಾರಿಗೆ ಸಂಸ್ಥೆಯ ಬಸ್ಸಿನ ಮುಂದೆ ಚೀಲಗಳ ರಾಶಿ. ಚಕ್ಕುಲಿ, ನಿಪ್ಪಟ್ಟು, ಕಡಲೆಬೀಜದ ಚಿಕ್ಕಿ, ಬುತ್ತಿ ಕಟ್ಟಿದ ರೊಟ್ಟಿ. ಅವುಗಳ ಜತೆಗೆ ಹನ್ನೊಂದು ಕೊಡೆಗಳು! ಚಳಿಗಾಲದಲ್ಲಿ, ಮೋಡದ ಸುಳಿವೂ ಇಲ್ಲದ ಆಕಾಶದ ಕೆಳಗೆ. ಪಿ.ಟಿ. ಮೇಷ್ಟ್ರು ಅವನ್ನೆಲ್ಲ ಕಟ್ಟಿ ಮೇಲಿನ ಕ್ಯಾರಿಯರಿಗೆ ಹಾಕಿಸುತ್ತಾ, "ಏನ್ರಮ್ಮ, ಮಳೆ ತರೋಕೆ ಹೊಂಟೀರಾ?" ಎಂದರು. ಯಾರೂ ಬಾಯಿ ಬಿಡಲಿಲ್ಲ.

ಬಣ್ಣಕ್ಕೆ ನಮ್ಮ ಭಾಷೆಯಲ್ಲಿ ಎಷ್ಟು ಮಾತುಗಳಿವೆ ನೋಡಿ. ಎಣ್ಣೆಗಪ್ಪು, ಎಣ್ಣೆಗೆಂಪು, ಸಾದಗಪ್ಪು, ಹಾಲುಬಿಳುಪು. ವಧು ಬೇಕಾಗಿದ್ದಾಳೆ ಎಂಬ ಜಾಹೀರಾತಿಗೆ ಬಂದರೆ ಗೋಧಿ ಬಣ್ಣ. ರಾಗಿ ಉಂಡು ಬೆಳೆದ ಸೀಮೆಯವರಿಗೂ ಗೋಧಿ ಬಣ್ಣದ ಸೊಸೆಯೇ ಬೇಕು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇದೆ, ಗೋಧಿಯಲ್ಲಿ ಅದಕ್ಕಿಂತ ಹಲವು ಪಟ್ಟು ಕಡಿಮೆ. ಆದರೂ ರಾಗಿ ಬಣ್ಣದ ಹುಡುಗಿ ಎಂದು ಯಾರೂ ಹೊಗಳಿದ್ದಿಲ್ಲ. ಎಲ್ಲಕ್ಕಿಂತ ಚುಚ್ಚುವುದು ಹೊಗಳಿಕೆಯ ವೇಷದಲ್ಲಿ ಬರುವ ಆ ಒಂದು ಮಾತು, "ಕಪ್ಪಾದರೂ ಲಕ್ಷಣವಾಗಿದ್ದಾಳೆ." ಆ "ಆದರೂ" ಎಂಬುದನ್ನು ಹೆಣ್ಣುಮಕ್ಕಳು ಎಷ್ಟು ಸಣ್ಣ ವಯಸ್ಸಿಗೆ ಕೇಳಿಸಿಕೊಳ್ಳುತ್ತಾರೆ ಎಂಬುದು ಆಡಿದವರಿಗೆ ತಿಳಿಯುವುದಿಲ್ಲ. ಮನೆಯ ಜಗಲಿಯಲ್ಲಿ ಕೃಷ್ಣನ ಪಟವಿರುತ್ತದೆ. ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದು ಮೈಬಣ್ಣದಿಂದಲೇ ಎಂದು ಕಥೆ ಹೇಳುವ ಅಜ್ಜಿಯೇ, ಮೊಮ್ಮಗಳ ಕೆನ್ನೆಗೆ ಕಡಲೆಹಿಟ್ಟು ತಿಕ್ಕುತ್ತಾ ನಿಟ್ಟುಸಿರು ಬಿಡುತ್ತಾಳೆ.

ಶಿವಮೊಗ್ಗದ ಹತ್ತಿರ ಬಸ್ಸು ನಿಂತು ಉಪ್ಪಿಟ್ಟು ಹಂಚಿದಾಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ತನ್ನ ಎಲೆಯನ್ನು ಹಾಗೇ ಪಕ್ಕದವಳಿಗೆ ಸರಿಸಿದಳು. ಜೋಗದಲ್ಲಿ ಊಟಕ್ಕೆ ಕುಳಿತಾಗಲೂ ಅಷ್ಟೇ, ಎರಡು ತುತ್ತು ಮೊಸರನ್ನ. ಕೇಳಿದರೆ "ಬಸ್ಸಲ್ಲಿ ವಾಂತಿ ಆಗುತ್ತೆ ಮಿಸ್" ಎಂಬ ಉತ್ತರ. ನಾಲ್ಕು ಗಂಟೆಯ ಹೊತ್ತಿಗೆ ಮುರುಡೇಶ್ವರದ ರಾಜಗೋಪುರದ ಲಿಫ್ಟಿಗೆ ಸಾಲು ನಿಂತಿದ್ದಾಗ ಅವಳ ಕಣ್ಣು ಕತ್ತಲೆಗಟ್ಟಿತು. ಹಿಂದೆ ನಿಂತಿದ್ದವರು ಹಿಡಿದುಕೊಳ್ಳದಿದ್ದರೆ ಕಲ್ಲಿಗೆ ತಲೆ ಬಡಿಯುತ್ತಿತ್ತು. ನೀರು ಕುಡಿಸಿ, ಚಿಕ್ಕಿ ತಿನ್ನಿಸಿ, ಅರ್ಧ ಗಂಟೆ ಮಲಗಿಸಿದ ಮೇಲೆ ಗೆಳತಿಯರು ಗುಟ್ಟು ಬಿಟ್ಟುಕೊಟ್ಟರು. ಅವಳು ಒಂದು ವಾರದಿಂದ "ಡಯಟ್" ಮಾಡುತ್ತಿದ್ದಳು. ಪ್ರವಾಸದ ಫೋಟೋದಲ್ಲಿ ಸಣ್ಣಗೆ ಕಾಣಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನೂ ಅವಳು ನುಂಗುತ್ತಿರಲಿಲ್ಲ, ಅದನ್ನು ತಿಂದರೆ ದಪ್ಪಗಾಗುತ್ತಾರೆಂದು ಯಾರೋ ಹೇಳಿದ್ದರು.

ಆ ಮಾತ್ರೆಯಿಂದ ಯಾರೂ ದಪ್ಪಗಾಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ. ಅಂದರೆ ಐದು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಮೂವರಿಗೆ. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಎಲುಬು ಉದ್ದವಾಗುತ್ತದೆ, ಮೈ ತುಂಬಿಕೊಳ್ಳುತ್ತದೆ, ಮುಟ್ಟು ಶುರುವಾಗಿರುತ್ತದೆ. ಕಬ್ಬಿಣಾಂಶ ಹೆಚ್ಚು ಬೇಕಾದ ಕಾಲವೇ ಇದು. ಆ ವಯಸ್ಸಿನಲ್ಲಿ ಸೊಂಟ, ತೊಡೆ ತುಂಬಿಕೊಳ್ಳುವುದು ಬೆಳವಣಿಗೆ, ಕಾಯಿಲೆಯಲ್ಲ ಎಂದು ಮನೆಯಲ್ಲಿ ಒಬ್ಬರಾದರೂ ಹೇಳಬೇಕಲ್ಲ? ಹೇಳುವ ಬದಲು "ಏನೇ ಹಿಂಗೆ ಊದ್ಕಂಡಿದೀಯ" ಎಂದು ಬಂದ ನೆಂಟರೆಲ್ಲ ಕೇಳಿ ಹೋಗುತ್ತಾರೆ.

ಹುಡುಗರ ಕಥೆಯೇನು ಬೇರೆಯಲ್ಲ. ಮುರುಡೇಶ್ವರದ ಮರಳಿನಲ್ಲಿ ಉಳಿದವರೆಲ್ಲ ಅಂಗಿ ಬಿಚ್ಚಿ ಕುಣಿಯುತ್ತಿದ್ದರೆ ಹತ್ತನೆಯ ತರಗತಿಯ ಉದ್ದನೆಯ ಹುಡುಗನೊಬ್ಬ ಗುಂಡಿಯನ್ನು ಕೊರಳತನಕ ಹಾಕಿಕೊಂಡು ಎಲ್ಲರ ಚಪ್ಪಲಿ ಕಾಯುತ್ತಿದ್ದ. ಎದೆಯ ಎಲುಬು ಕಾಣುತ್ತದೆಂಬ ನಾಚಿಕೆ. ಅವನ ಅಣ್ಣ ಪೇಟೆಯ ಜಿಮ್ಮಿಗೆ ಸೇರಿ ಸಾವಿರಾರು ರೂಪಾಯಿಯ ಪುಡಿಯ ಡಬ್ಬಿ ತಂದಿಟ್ಟಿದ್ದಾನಂತೆ. ಮನೆಯಲ್ಲಿ ಮೂಟೆಗಟ್ಟಲೆ ಕಡಲೆಬೀಜ ಇದೆ!

ಅಂದು ಸಂಜೆ ಕಡಲ ದಂಡೆಯಲ್ಲಿ ಹನ್ನೊಂದು ಕೊಡೆಗಳೂ ಬಿಚ್ಚಿಕೊಂಡವು. ಬಿಸಿಲು ಆಗಲೇ ಇಳಿಯುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಕಂಡ ಸಮುದ್ರದ ಮುಂದೆ ಹನ್ನೊಂದು ಹುಡುಗಿಯರು ಕೊಡೆಯ ಕೆಳಗೆ, ಪಾದರಕ್ಷೆಯನ್ನೂ ಬಿಚ್ಚದೆ ನಿಂತಿದ್ದರು. ಗಾಳಿಗೆ ಕೊಡೆಗಳು ಮಗುಚಿಕೊಂಡಾಗ ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಒಬ್ಬಳೂ ಮುಂದೆ ಹೋಗಲಿಲ್ಲ.

ರಾತ್ರಿ ಗೋಕರ್ಣದಲ್ಲಿ ಇಳಿದುಕೊಂಡಿದ್ದ ಹಾಲಿನಲ್ಲಿ ಊಟವಾದ ಮೇಲೆ ವಿಜ್ಞಾನದ ಮೇಡಂ ಹುಡುಗಿಯರನ್ನೆಲ್ಲ ಸುತ್ತ ಕೂರಿಸಿಕೊಂಡರು. ಅವರದು ಭಾಷಣ ಮಾಡುವ ಸ್ವಭಾವವಲ್ಲ. ಚರ್ಮದಲ್ಲಿ ಬಣ್ಣ ತಯಾರಿಸುವ ಕಣಗಳಿರುತ್ತವಲ್ಲ, ಅವು ಬೆಳ್ಳಗಿರುವವರಲ್ಲಿ ಕಡಿಮೆ, ಕಪ್ಪಗಿರುವವರಲ್ಲಿ ಜಾಸ್ತಿ ಅಂದುಕೊಂಡಿದ್ದೀರಾ ಎಂದು ಕೇಳಿದರು. ಹೌದೆಂದು ಎಲ್ಲರೂ ತಲೆಯಾಡಿಸಿದರು. ಅಲ್ಲ, ಹೆಚ್ಚು ಕಡಿಮೆ ಎಲ್ಲರಲ್ಲೂ ಅಷ್ಟೇ ಇರುತ್ತವೆ. ಅವು ತಯಾರಿಸುವ ಮೆಲನಿನ್ ಎಂಬ ವಸ್ತುವಿನ ಪ್ರಮಾಣ ಮತ್ತು ಬಗೆಯಲ್ಲಿ ಮಾತ್ರ ವ್ಯತ್ಯಾಸ. ಬಿಸಿಲು ತಾಗಿದಾಗ ಈ ಮೆಲನಿನ್ ಚರ್ಮದ ಜೀವಕೋಶದ ಒಳಗೆ ಹೋಗಿ, ಕೋಶಕೇಂದ್ರದ ನೆತ್ತಿಯ ಮೇಲೆ ಟೋಪಿಯಂತೆ ಕೂರುತ್ತದೆ. ವಂಶವಾಹಿಗಳಿರುವುದು ಆ ಕೇಂದ್ರದಲ್ಲಿ. ನೇರಳಾತೀತ ಕಿರಣ ಅವನ್ನು ಕೆಡಿಸದಂತೆ ಕಾಯುವ ಏರ್ಪಾಡು ಇದು.

"ಅಂದ್ರೆ ಮಿಸ್, ಒಳಗಡೇನೇ ಕೊಡೆ ಇದೆ ಅಂತಾನಾ?" ಎಂದಳು ಒಬ್ಬಳು.

ಅದಕ್ಕಿಂತ ಚೆನ್ನಾಗಿ ತಾವೂ ಹೇಳುತ್ತಿರಲಿಲ್ಲ ಎಂದು ಮೇಡಂ ಆಮೇಲೆ ಬೇರೆ ಶಿಕ್ಷಕರ ಮುಂದೆ ಹೇಳಿಕೊಂಡರು. ಹಾಗೆಂದು ಬಿಸಿಲಿನಿಂದ ಏನೂ ಆಗುವುದಿಲ್ಲವೆಂದು ಅವರು ಸುಳ್ಳು ಹೇಳಲಿಲ್ಲ. ಒಣ ಮರಳು ನೇರಳಾತೀತ ಕಿರಣವನ್ನು ಶೇಕಡ 15ರಷ್ಟು, ಕಡಲ ನೊರೆ ಶೇಕಡ 25ರಷ್ಟು ಹಿಂದಕ್ಕೆ ಚಿಮ್ಮಿಸುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವಿದೆ. ದಂಡೆಯಲ್ಲಿ ಮೈಬಣ್ಣ ಒಂದಿಷ್ಟು ಗಾಢವಾಗುವುದು ನಿಜ, ನಡು ಮಧ್ಯಾಹ್ನ ಟೋಪಿ ಬೇಕು, ನೀರು ಬೇಕು. ಊರಿಗೆ ಹೋದ ಕೆಲವು ವಾರಗಳಲ್ಲಿ ಆ ಚರ್ಮದ ಮೇಲ್ಪದರ ಉದುರಿ ಹೊಸದು ಬರುತ್ತದೆ. ಅಷ್ಟಕ್ಕೆ ಸಮುದ್ರ ಬಿಡುವುದೇ?

ಮರುದಿನ ಬೆಳಿಗ್ಗೆ ಕೊಡೆಗಳ ಸಂಖ್ಯೆ ಹನ್ನೊಂದರಿಂದ ನಾಲ್ಕಕ್ಕೆ ಇಳಿದಿತ್ತು. ಹತ್ತು ಗಂಟೆಯ ಹೊತ್ತಿಗೆ ಆ ನಾಲ್ಕರಲ್ಲಿ ಒಂದನ್ನು ಗೆಳತಿಯರು ಕಿತ್ತುಕೊಂಡು ಓಡಿದರು. ಅದರ ಒಡತಿ ಎಂಟನೆಯ ತರಗತಿಯವಳು, ಹಿಂದಿನ ದಿನವಿಡೀ ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದವಳು. ಕೊಡೆ ತರಲು ಅಟ್ಟಿಸಿಕೊಂಡು ಹೋದವಳು ಹೋದಲ್ಲೇ ನೀರಿಗಿಳಿದಳು. ಜೀವರಕ್ಷಕ ಸೀಟಿ ಊದುತ್ತಿದ್ದಷ್ಟು ಹೊತ್ತೂ, ಮೊಣಕಾಲ ನೀರಿನಲ್ಲಿ, ಪ್ರತಿ ಅಲೆಗೂ ಕಿರುಚಿ ಕುಣಿದಳು. ಅರ್ಧ ಗಂಟೆ ಇರಬಹುದು. ಮೇಲೆ ಬಂದಾಗ ಅವಳ ಮುಖ ಕೆಂಡದಂತೆ ಕೆಂಪಾಗಿತ್ತು. "ಉರಿ ಮಿಸ್, ಉರಿ" ಎಂದು ಕೆನ್ನೆ ಹಿಡಿದುಕೊಂಡು ಅಳತೊಡಗಿದಳು. ಜೊತೆಯಲ್ಲಿ ಆಡಿದ ಇಪ್ಪತ್ತು ಮಕ್ಕಳಿಗೆ ಏನೂ ಆಗಿರಲಿಲ್ಲ.

ಪೇಟೆಯಲ್ಲಿದ್ದ ವೈದ್ಯರು ಮುಖ ನೋಡಿದವರೇ "ಏನು ಹಚ್ಚುತ್ತೀಯ?" ಎಂದು ಕೇಳಿದರು. ಅವಳು ಮೇಡಂ ಕಡೆ ನೋಡಿದಳು. ಚೀಲದ ತಳದಲ್ಲಿ, ಬಟ್ಟೆಗಳ ನಡುವೆ ಸುತ್ತಿಟ್ಟಿದ್ದ ಒಂದು ಸಣ್ಣ ಟ್ಯೂಬು ಹೊರಬಂತು. ಅದು ಟೀವಿಯಲ್ಲಿ ಬರುವ ಕ್ರೀಮಲ್ಲ. ಔಷಧಿ ಅಂಗಡಿಯ ಮುಲಾಮು. ಅದರಲ್ಲಿದ್ದದ್ದು ಸ್ಟೆರಾಯ್ಡ್, ಜೊತೆಗೆ ಬಣ್ಣ ತಿಳಿಗೊಳಿಸುವ ಇನ್ನೆರಡು ಔಷಧಿ. ಐದು ತಿಂಗಳಿನಿಂದ ಪ್ರತಿ ರಾತ್ರಿ.

ಇಂಥ ಮುಲಾಮುಗಳು ಕೆಟ್ಟವೆಂದಲ್ಲ. ಚರ್ಮರೋಗ ತಜ್ಞರು ತಕ್ಕ ಕಾಯಿಲೆಗೆ, ಇಷ್ಟೇ ದಿನ ಎಂದು ಲೆಕ್ಕ ಹಾಕಿ ಬರೆದುಕೊಡುವ ಔಷಧಿಗಳು ಅವು. ಹಚ್ಚಿದ ಮೊದಮೊದಲು ಮುಖ ತಿಳಿಯಾಗುತ್ತದೆ, ನುಣುಪಾಗುತ್ತದೆ. "ಎಷ್ಟು ಕಳೆ ಬಂದಿದೆ ಮುಖಕ್ಕೆ" ಎಂದು ನಾಲ್ಕು ಜನ ಹೇಳುತ್ತಾರೆ. ಅಲ್ಲಿಗೆ ಬಿಡಲಾಗುವುದಿಲ್ಲ. ತಿಂಗಳುಗಳು ಕಳೆದಂತೆ ಚರ್ಮ ತೆಳ್ಳಗಾಗಿ ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಹೆಣ್ಣುಮಕ್ಕಳ ಕೆನ್ನೆಯ ಮೇಲೂ ಕೂದಲು ಬೆಳೆಯಬಹುದು. ಬಿಸಿಲು ತಾಗಿದರೆ ಉರಿ. ನಿಲ್ಲಿಸಿದರೆ ಮುಖ ಇನ್ನಷ್ಟು ಕೆಂಪಾಗಿ ಊದುತ್ತದೆ, ಆ ಹೆದರಿಕೆಗೆ ಮತ್ತೆ ಹಚ್ಚುತ್ತಾರೆ. ಕುಡಿತದ ಚಟದ ಹಾಗೆಯೇ ಇದು. ಈ ಬಗೆಯ ಹದಿನಾಲ್ಕು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶ ಹೊರಡಿಸಿದೆ. ಆದೇಶ ಕಾಗದದಲ್ಲಿದೆ, ಟ್ಯೂಬು ಹುಡುಗಿಯ ಚೀಲದಲ್ಲಿದೆ. ಇನ್ನು ಹೆಸರು ವಿಳಾಸವಿಲ್ಲದೆ ಬರುವ ಬಿಳಿಯಾಗಿಸುವ ಕ್ರೀಮುಗಳದು ಮತ್ತೊಂದು ಅಪಾಯ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಅಂಥ ಕ್ರೀಮಿನಲ್ಲಿದ್ದ ಪಾದರಸದಿಂದ ಮೂತ್ರಪಿಂಡಕ್ಕೇ ಪೆಟ್ಟು ಬಿದ್ದ ರೋಗಿಗಳನ್ನು ವೈದ್ಯರು ಗುರುತಿಸಿದರು.

ವೈದ್ಯರು ತಣ್ಣೀರ ಬಟ್ಟೆ ಹಾಕಿಸಿ, ಮಾತ್ರೆ ಕೊಟ್ಟು, ಊರಿಗೆ ಹೋದ ಕೂಡಲೇ ಜಿಲ್ಲಾಸ್ಪತ್ರೆಯ ಚರ್ಮ ವಿಭಾಗದಲ್ಲಿ ತೋರಿಸಬೇಕು, ಮುಲಾಮನ್ನು ಹೇಗೆ ನಿಲ್ಲಿಸಬೇಕೆಂದು ಅವರೇ ಹೇಳಬೇಕು ಎಂದು ಬರೆದುಕೊಟ್ಟರು. "ಅಲ್ಲಿಯತನಕ ಬಿಸಿಲಿಗೆ ಹೋಗಬೇಡಮ್ಮ" ಎಂದರು. ಬಿಸಿಲಿಗೆ ಹೆದರಿ ಹಚ್ಚಿದ ಮುಲಾಮು ಅವಳನ್ನು ನಿಜವಾಗಿಯೂ ಬಿಸಿಲಿಗೆ ಹೆದರಬೇಕಾದವಳನ್ನಾಗಿ ಮಾಡಿತ್ತು.

ಬಸ್ಸಿನಿಂದಲೇ ಮೇಡಂ ಅವಳ ಮನೆಗೆ ಫೋನು ಮಾಡಿದರು. ಬೈಯಬೇಕೆಂದೇ ಮಾಡಿದ್ದು.

"ತಪ್ಪಾತು ಮೇಡಮ್ನೋರೆ," ಎಂದಿತು ಆ ಕಡೆಯ ದನಿ. "ಹಿರೇಳ್ನ ನೋಡಾಕೆ ಆರು ಕಡೆಯೋರು ಬಂದೋದ್ರು. ಎಲ್ರೂ ಉಪ್ಪಿಟ್ಟು ತಿಂದ್ರು, ಕಾಫಿ ಕುಡುದ್ರು, ಹುಡುಗಿ ಕಪ್ಪು ಅಂದ್ರು. ಆರನೇದೋರು ಹೋದ ದಿನ ಅವ್ಳು ಮೂರು ದಿನ ಊಟ ಬಿಟ್ಲು. ಕಿರೇಳಿಗೆ ಹಂಗಾಗ್ಬಾರ್ದು ಅಂತ ಈಗ್ಲೇ ಹಚ್ಚಿದ್ರೆ ಸರಿಹೋಗ್ತದೆ ಅಂದ್ರು ಅಂಗಡಿಯೋರು."

ಮೇಡಂ ಬೈಯಲಿಲ್ಲ. ಜಿಲ್ಲಾಸ್ಪತ್ರೆಗೆ ಯಾವ ದಿನ ಹೋಗಬೇಕು, ತಾವೂ ಜತೆಗೆ ಬರುವುದಾಗಿ ಹೇಳಿ ಫೋನು ಇಟ್ಟರು.

ಆ ತಾಯಿಯ ಮೇಲೆ ಸಿಟ್ಟಾಗುವುದು ಸುಲಭ. ಆದರೆ ಆಕೆಗೆ ಈ ಪಾಠ ಹೇಳಿಕೊಟ್ಟವರು ಯಾರು? ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಕಪ್ಪಗಿನ ಹುಡುಗಿಗೆ ಗಂಡು ಸಿಗುವುದಿಲ್ಲ, ಕೆಲಸ ಸಿಗುವುದಿಲ್ಲ, ಕ್ರೀಮು ಹಚ್ಚಿದರೆ ಎರಡೂ ಸಿಗುತ್ತವೆ ಎಂಬ ಕಥೆಯನ್ನು ಟೀವಿ ಮನೆಮನೆಗೂ ಹೇಳಿತು. 1994ರಲ್ಲಿ ಸುಷ್ಮಿತಾ ಸೇನ್ ವಿಶ್ವಸುಂದರಿಯಾದರು, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಜಗದೇಕ ಸುಂದರಿಯಾದರು. 1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಆ ಸ್ಪರ್ಧೆ ನಡೆದಾಗ ಬೀದಿಯಲ್ಲಿ ಎಷ್ಟು ಪ್ರತಿಭಟನೆ! ಈಜುಡುಗೆಯ ಸುತ್ತನ್ನು ದೂರದ ಸೆಷಲ್ಸ್ ದ್ವೀಪಗಳಿಗೆ ಸಾಗಿಸಬೇಕಾಯಿತು. ಇಂದಿನ ಹೈಸ್ಕೂಲು ಮಕ್ಕಳ ತಾಯಂದಿರು ಆಗ ಪ್ರಾಥಮಿಕ ಶಾಲೆಯಲ್ಲಿದ್ದರು. ಪ್ರತಿಭಟನೆ ಅವರಿಗೆ ನೆನಪಿಲ್ಲ, ಜಾಹೀರಾತು ನೆನಪಿದೆ. ಕಪ್ಪು ಮೈಬಣ್ಣವನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಉದ್ಯಮದ ಮಾನದಂಡ ಮಂಡಳಿ ನಿಯಮ ಮಾಡಿದ್ದು 2014ರಲ್ಲಿ. ಕ್ರೀಮಿನ ಹೆಸರಿನಿಂದ "ಫೇರ್" ಎಂಬ ಪದ ಹೋಗಿ "ಗ್ಲೋ" ಬಂದದ್ದು 2020ರಲ್ಲಿ. ಹೆಸರು ಬದಲಾಗುವ ಹೊತ್ತಿಗೆ ನಲವತ್ತೈದು ವರ್ಷ ಕಳೆದಿತ್ತು. ಅದಕ್ಕೂ ಮುಂಚೆ ಗಂಡು ನೋಡಲು ಬರುವವರ ಕಣ್ಣು ಬೇರೆ ಇತ್ತೇ ಎಂದರೆ ಅದೂ ಇಲ್ಲ. ಜಾಹೀರಾತಿನವರು ಹೊಸದೇನನ್ನೂ ಬಿತ್ತಲಿಲ್ಲ, ಇದ್ದ ಕಳೆಗೆ ಗೊಬ್ಬರ ಹಾಕಿದರು.

ಬಸ್ಸು ಅಂಕೋಲೆಯತ್ತ ಹೋಗುವಾಗ ಕನ್ನಡದ ಮೇಷ್ಟ್ರು ಎದ್ದು ನಿಂತು, ಇದು ತುಳಸಿ ಗೌಡರ ತಾಲ್ಲೂಕು ಎಂದರು. ಸಾವಿರಾರು ಗಿಡಗಳನ್ನು ಬೆಳೆಸಿದ, 2024ರ ಡಿಸೆಂಬರಿನಲ್ಲಿ ತೀರಿಕೊಂಡ ಹಾಲಕ್ಕಿ ಅಜ್ಜಿ. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಬರಿಗಾಲಿನಲ್ಲಿ, ತಮ್ಮ ಜನಾಂಗದ ಉಡುಗೆಯಲ್ಲೇ ನಡೆದು ಬಂದ ಅವರ ಚಿತ್ರ ಮಕ್ಕಳಿಗೆಲ್ಲ ಗೊತ್ತಿತ್ತು. ಕೊರಳ ತುಂಬ ಕರಿಮಣಿ, ಬಿಸಿಲಲ್ಲಿ ಮಾಗಿದ ಮೈ. "ಎಷ್ಟು ಚೆನ್ನಾಗಿದ್ರು ಸಾರ್" ಎಂದ ಒಬ್ಬ ಹುಡುಗ. ಅವನ ಪಕ್ಕದವನು, "ನಿಮ್ಮಣ್ಣಂಗೆ ಅಂಥ ಹುಡುಗಿ ತರ್ತೀರೇನೋ?" ಎಂದ. ಬಸ್ಸು ಗೊಳ್ಳೆಂದಿತು. ಮೇಷ್ಟ್ರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ಅಂಕೋಲೆಯ ಹತ್ತಿರದ ಒಂದು ದಂಡೆಯಲ್ಲಿ ಮೀನು ಒಣಹಾಕಿದ್ದರು. ಮರಳಿನ ಮೇಲೆ ಬಲೆ ಹಾಸಿ ಬಂಗಡೆ, ಸಿಗಡಿ ಹರವಿದ್ದರು. ಮಕ್ಕಳು ಮೂಗು ಮುಚ್ಚಿಕೊಂಡೇ ನೋಡಲು ಓಡಿದರು. ಮುಖ ಉರಿಯುತ್ತಿದ್ದ ಹುಡುಗಿ ದೋಣಿ ಕಟ್ಟುವ ಚಪ್ಪರದ ನೆರಳಿನಲ್ಲಿ ಕುಳಿತಿದ್ದಳು. ಮೀನು ಮಗುಚಿ ಹಾಕುತ್ತಿದ್ದ ಹೆಂಗಸೊಬ್ಬರು ಬೆವರು ಒರೆಸಿಕೊಳ್ಳುತ್ತಾ ಅಲ್ಲಿಗೇ ಬಂದು ಕುಳಿತರು.

"ಎಂತ ಆಯ್ತು ತಂಗಿ ಮುಖಕ್ಕೆ?"

ಮೇಡಂ ಹೇಳಿದರು.

"ಅಯ್ಯೋ, ಬಿಸಿಲಿಗೆ ಹೆದ್ರಿ ಕೂತ್ರೆ ಮೀನು ಒಣಗೂದು ಹ್ಯಾಂಗೆ?" ಎಂದು ನಕ್ಕರು ಆಕೆ. ಐವತ್ತು ದಾಟಿರಬಹುದು. ಮುಖ, ತೋಳು ಕಡುಗಪ್ಪು, ಮೂಗಿನಲ್ಲಿ ದೊಡ್ಡ ನತ್ತು. ಹುಡುಗಿ ಮೊದಲ ಸಲ ತಲೆಯೆತ್ತಿ ನೋಡಿದಳು. ಇಲ್ಲಿಗೆ ಕಥೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಆಕೆ ಟ್ಯೂಬನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ದನಿ ತಗ್ಗಿಸಿ ಕೇಳಿದರು, "ನಮ್ಮನೆ ಹುಡುಗೀನೂ ಇಂಥದ್ದೇ ಹಚ್ತದೆ. ಕಾಲೇಜಿಗೆ ಹೋಗ್ತದಲ್ಲ, ಮೀನು ಮುಟ್ಟೂದಿಲ್ಲ, ಬಿಸ್ಲಿಗೆ ಬರೂದಿಲ್ಲ. ಇದು ಅದೇನ್ರಾ ಬಾಯಿ?"

ಮೇಡಂ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಔಷಧಿಗಳ ಹೆಸರನ್ನೂ, ವೈದ್ಯರ ಚೀಟಿ ಬೇಕೆನ್ನುವ ಕೆಂಪು ಗೆರೆಯ ಸೂಚನೆಯನ್ನೂ ಬೆರಳಿಟ್ಟು ತೋರಿಸಿದರು. ಆಕೆಗೆ ಓದು ಬರುತ್ತಿರಲಿಲ್ಲ. ಎಂಟನೆಯ ತರಗತಿಯ ಹುಡುಗಿ ತನ್ನ ನೋಟ್‌ಬುಕ್ಕಿನ ಹಾಳೆ ಹರಿದು ಆ ಹೆಸರುಗಳನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಳು. "ನಿಮ್ಮ ಅಕ್ಕಂಗೆ ಓದ್ಕೊಳ್ಳೋಕೆ ಹೇಳಿ. ಒಂದೇ ಸಲ ಬಿಡಬಾರ್ದಂತೆ, ಡಾಕ್ಟರ್ ಹತ್ರ ಹೋಗ್ಬೇಕಂತೆ" ಎಂದಳು. ಆಕೆ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೋಗುವಾಗ ಮೇಡಂಗೆ ಒಂದು ಪೊಟ್ಟಣ ಒಣಸಿಗಡಿ ಕೊಟ್ಟರು, ಮೇಡಂ ಸಸ್ಯಾಹಾರಿ.

ಕಾರವಾರದಲ್ಲಿ ಯುದ್ಧನೌಕೆಯ ವಸ್ತುಸಂಗ್ರಹಾಲಯ ನೋಡಿ ದಂಡೆಗೆ ಇಳಿದಾಗ ಸೂರ್ಯ ನೀರಿಗೆ ಮುಟ್ಟುವುದರಲ್ಲಿದ್ದ. ವೈದ್ಯರು ಬೇಡವೆಂದದ್ದು ಬಿಸಿಲನ್ನು, ಸಮುದ್ರವನ್ನಲ್ಲ. ಪಿ.ಟಿ. ಮೇಷ್ಟ್ರು ಹಗ್ಗ ಹಿಡಿದು ನಿಂತರು. ಆ ಹೊತ್ತಿಗೆ ಒಂದು ಕೊಡೆಯೂ ಬಸ್ಸಿನಿಂದ ಇಳಿದಿರಲಿಲ್ಲ. ಹಿಂದಿನ ದಿನ ತಲೆತಿರುಗಿದ್ದ ಹುಡುಗಿ ಎರಡು ಪ್ಲೇಟು ಚುರುಮುರಿ ತಿಂದು ಮೂರನೆಯದಕ್ಕೆ ಚಿಲ್ಲರೆ ಹುಡುಕುತ್ತಿದ್ದಳು. ಚಪ್ಪಲಿ ಕಾಯುವ ಹುಡುಗ ಮಾತ್ರ ಅಂಗಿ ಬಿಚ್ಚಲಿಲ್ಲ, ಅಂಗಿ ಹಾಕಿಕೊಂಡೇ ನೆನೆದ. ಅಲ್ಲಿಯೇ ಒಬ್ಬ ಶಿಕ್ಷಕರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು.

ಊರಿಗೆ ಬಂದ ಹತ್ತು ದಿನಕ್ಕೆ ಫೋಟೋ ಮುದ್ರಣವಾಗಿ ಶಾಲೆಗೆ ಬಂತು. ನಲವತ್ತಮೂರು ಮಕ್ಕಳು, ಐವರು ಶಿಕ್ಷಕರು, ಎಲ್ಲರದೂ ಒಂದೇ ಬಣ್ಣ! ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಎಲ್ಲರ ಮುಖವನ್ನೂ ಬೆಳ್ಳಗೆ ಮಾಡಿದ್ದರು. ಬೆನ್ನ ಹಿಂದಿನ ಕಡಲಿನ ಕೆಂಪು ಕೂಡ ತೊಳೆದುಹೋಗಿ ಸುಣ್ಣದ ನೀರಿನಂತಿತ್ತು. ಮೇಡಂ ಅದನ್ನು ಹಿಡಿದುಕೊಂಡು ಸ್ಟುಡಿಯೋಗೆ ಹೋದರು.

"ನಾವು ಕೇಳದೇ ಇದ್ದದ್ದನ್ನು ಯಾಕೆ ಮಾಡಿದಿರಿ?"

"ಯಾರೂ ಕೇಳಲ್ಲ ಮೇಡಂ, ಆದ್ರೂ ಮಾಡ್ತೀವಿ. ಹೆಂಗಿದೆಯೋ ಹಂಗೇ ಕೊಟ್ರೆ ವಾಪಸ್ ತಂದುಕೊಡ್ತಾರೆ."

ಇದ್ದದ್ದು ಇದ್ದ ಹಾಗೆ ಮತ್ತೊಮ್ಮೆ ಮುದ್ರಿಸಿಕೊಟ್ಟರು, ಅರ್ಧ ಬೆಲೆಗೆ. ಮಕ್ಕಳ ಕೈಯಲ್ಲಿ ಮನೆಮನೆಗೆ ಹೋದ ಆ ಪ್ರತಿಗಳಲ್ಲಿ ಮೂರು ಮರುದಿನವೇ ಹಿಂದಕ್ಕೆ ಬಂದವು, ಬೆಳ್ಳಗಿನದು ಇದ್ದರೆ ಕೊಡಿ ಎಂಬ ಮಾತಿನೊಂದಿಗೆ. ಎಂಟನೆಯ ತರಗತಿಯ ಆ ಹುಡುಗಿಯ ಮನೆಯಿಂದ ಪ್ರತಿ ವಾಪಸು ಬರಲಿಲ್ಲ. ಜಿಲ್ಲಾಸ್ಪತ್ರೆಗೆ ಎರಡನೆಯ ಸಲ ಹೋಗುವ ದಿನ ಅವಳ ಅಕ್ಕನೂ ಜೊತೆಗೆ ಬಂದಿದ್ದಳು. ಹೊರರೋಗಿಗಳ ಸಾಲಿನಲ್ಲಿ ಕುಳಿತು, ಸಮುದ್ರ ಉಪ್ಪಿರುತ್ತದೆ ಅನ್ನುತ್ತಾರಲ್ಲ, ನಿಜವಾಗಿ ಎಷ್ಟು ಉಪ್ಪಿರುತ್ತದೆ ಎಂದು ತಂಗಿಯನ್ನು ಕೇಳುತ್ತಿದ್ದಳು.